ಬೇಸಿಗೆಯಲ್ಲಿ ಚಳಿಗಾಲದ ತರಕಾರಿ: ನೆರಳಿನ ಆಸರೆಯಲ್ಲಿ ಸೊಪ್ಪಿನ ಬೇಸಾಯ

ದಖ್ಖನ್ ಪ್ರಸ್ಥಭೂಮಿಯಲ್ಲಿ ನೆಲೆಸಿರುವ ಹೈದರಾಬಾದ್ ನಗರದ ಮಾರುಕಟ್ಟೆಗಳಿಗೆ ಚಳಿಗಾಲದಲ್ಲಿ ಕೊತ್ತಂಬರಿ, ಮೆಂತ್ಯ, ಪಾಲಕ್, ಮೂಲಂಗಿ, ಗಜ್ಜರಿ, ಹೂಕೋಸುಗಳು ರಾಶಿ ರಾಶಿಯಾಗಿ ಬರುತ್ತವೆ. ಯುಗಾದಿ ಕಳೆದು ಬಿಸಿಲು ಏರತೊಡಗಿದಂತೆ ಈ ರಾಶಿಗಳು ಕರಗುತ್ತವೆ. ಕೊತ್ತಂಬರಿಯ ಕಟ್ಟು ಸಣ್ಣದಾಗಿ ಬೆಲೆ ಹೆಚ್ಚುತ್ತದೆ. ಬೆಲೆ ಹೆಚ್ಚಿದಾಗ ಸಾಮಾನ್ಯ ಕುಟುಂಬದ ಅಡುಗೆಮನೆಯಿಂದ ಮೊದಲು ಮರೆಯಾಗುವುದು ಸೊಪ್ಪು.

ಇದು ಕೇವಲ ರುಚಿಯ ಪ್ರಶ್ನೆಯಲ್ಲ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಹೈದರಾಬಾದಿನಲ್ಲಿಯೇ ಇರುವ ರಾಷ್ಟ್ರೀಯ ಪೋಷಣ ಸಂಸ್ಥೆಯು ವಯಸ್ಕರ ದಿನದ ಆಹಾರದಲ್ಲಿ ಸುಮಾರು 100 ಗ್ರಾಂ ಹಸಿರು ಸೊಪ್ಪು ಇರಬೇಕೆಂದು ಸಲಹೆ ನೀಡುತ್ತದೆ. ವರ್ಷದ ಮೂರು ತಿಂಗಳು ಸೊಪ್ಪು ಕೈಗೆಟುಕದೆ ಹೋದರೆ ಈ ಸಲಹೆ ಪುಸ್ತಕದಲ್ಲಿಯೇ ಉಳಿಯುತ್ತದೆ. ರೈತನ ದೃಷ್ಟಿಯಿಂದ ನೋಡಿದರೂ ಬೇಸಿಗೆಯ ಸೊಪ್ಪು ಸಣ್ಣ ಹಿಡುವಳಿಗೆ ಒಳ್ಳೆಯ ಆದಾಯ ತರಬಲ್ಲದು. ಆದರೆ ಸರಿಯಾದ ತಿಳಿವಳಿಕೆಯಿಲ್ಲದೆ ಕೈಹಾಕಿದರೆ ಪರದೆಯ ಖರ್ಚು, ನೀರು, ಬೀಜ ಮೂರೂ ನಷ್ಟವಾಗುತ್ತವೆ. ನೆರಳಿನಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಮೊದಲು ಅರಿಯುವುದು ಅಗತ್ಯ.

ಹೈದರಾಬಾದಿನ ಬೇಸಿಗೆ

ಹೈದರಾಬಾದ್ ಸಮುದ್ರಮಟ್ಟದಿಂದ ಸುಮಾರು 500 ಮೀಟರಿಗಿಂತ ಹೆಚ್ಚು ಎತ್ತರದಲ್ಲಿದೆ. ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗೆ ಇಲ್ಲಿ ಬೇಸಿಗೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹಗಲಿನ ಗರಿಷ್ಠ ಉಷ್ಣಾಂಶ 38ರಿಂದ 40 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಬಿಸಿಗಾಳಿಯ ದಿನಗಳಲ್ಲಿ ಇನ್ನೂ ಏರುತ್ತದೆ. ಮೇ ತಿಂಗಳ ರಾತ್ರಿಗಳಲ್ಲಿಯೂ ಉಷ್ಣಾಂಶ 26 ಡಿಗ್ರಿಯ ಆಸುಪಾಸಿನಲ್ಲಿಯೇ ಉಳಿಯುತ್ತದೆ. ಮುಂಗಾರು ಸಾಮಾನ್ಯವಾಗಿ ಜೂನ್ ಎರಡನೆಯ ವಾರದಲ್ಲಿ ಪ್ರವೇಶಿಸುತ್ತದೆ.

ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಜಿಲ್ಲೆಗಳ ಓದುಗರಿಗೆ ಈ ವಿವರಣೆ ಅಪರಿಚಿತವೆನಿಸದು. 1948ರವರೆಗೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು, 1956ರಲ್ಲಿ ಅಂದಿನ ಮೈಸೂರು ರಾಜ್ಯದಲ್ಲಿ ವಿಲೀನಗೊಂಡ ಈ ಪ್ರದೇಶದ ಹವೆ ಹೈದರಾಬಾದಿನ ಹವೆಯನ್ನೇ ಹೋಲುತ್ತದೆ. ಕಲಬುರಗಿ, ರಾಯಚೂರುಗಳ ಬಿಸಿಲಂತೂ ಇನ್ನೂ ಪ್ರಖರ. ಆದ್ದರಿಂದ ಹೈದರಾಬಾದಿನಲ್ಲಿ ಅನುಸರಿಸಬಹುದಾದ ಕ್ರಮಗಳು ಅಲ್ಪಸ್ವಲ್ಪ ಬದಲಾವಣೆಯೊಡನೆ ಅಲ್ಲಿಯೂ ಅನ್ವಯಿಸುತ್ತವೆ.

ಸೂರ್ಯನ ಚಲನೆಯನ್ನೂ ಇಲ್ಲಿ ಗಮನಿಸಬೇಕು. ಹೈದರಾಬಾದ್ 17.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ 9ರ ಸುಮಾರಿಗೆ ಮಧ್ಯಾಹ್ನ ಸೂರ್ಯನು ನಗರದ ನೆತ್ತಿಯ ಮೇಲೆಯೇ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕಂಬಕ್ಕೆ ಆ ಕ್ಷಣ ನೆರಳೇ ಇರುವುದಿಲ್ಲ. ಅನಂತರ ಆಗಸ್ಟ್ ಮೊದಲ ವಾರದವರೆಗೆ ನಡುಹಗಲ ಸೂರ್ಯನು ತುಸು ಉತ್ತರಕ್ಕೆ ವಾಲಿರುತ್ತಾನೆ. ಚಳಿಗಾಲದಲ್ಲಿ ಮನೆಯ ಉತ್ತರ ಗೋಡೆಯ ಬದಿಯಲ್ಲಿ ಕಾಣುವ ತಂಪು ನೆರಳನ್ನು ನಂಬಿ ಅಲ್ಲಿ ಪಾತಿ ಮಾಡಿದವರಿಗೆ ಮೇ ತಿಂಗಳಲ್ಲಿ ಆ ನೆರಳು ದೊರೆಯುವುದಿಲ್ಲ. ಈ ಕಾಲದಲ್ಲಿ ಗಿಡಕ್ಕೆ ಬೇಕಾದದ್ದು ಗೋಡೆಯ ನೆರಳಲ್ಲ, ಮೇಲ್ಚಪ್ಪರದ ನೆರಳು.

ಅತಿಯಾದ ಬಿಸಿಲಿನಿಂದ ಗಿಡಕ್ಕೆ ಆಗುವ ಹಾನಿ

ಚಳಿಗಾಲದ ತರಕಾರಿಗಳಲ್ಲಿ ಬಹುಪಾಲು 15ರಿಂದ 25 ಡಿಗ್ರಿ ಉಷ್ಣಾಂಶದಲ್ಲಿ ಚೆನ್ನಾಗಿ ಬೆಳೆಯುತ್ತವೆ. ಉಷ್ಣಾಂಶ ಇದನ್ನು ಮೀರಿದಂತೆ ಅವುಗಳಲ್ಲಿ ಹಲವು ತೊಂದರೆಗಳು ಕಾಣಿಸಿಕೊಳ್ಳುತ್ತವೆ.

ಮೊದಲನೆಯದು ಬೀಜ ಮೊಳೆಯದಿರುವುದು. ಲೆಟ್ಯೂಸ್ ಸೊಪ್ಪಿನ ಬೀಜವು ಸುಮಾರು 30 ಡಿಗ್ರಿಗಿಂತ ಹೆಚ್ಚಿನ ಮಣ್ಣಿನ ಬಿಸಿಯಲ್ಲಿ ಸುಪ್ತಾವಸ್ಥೆಗೆ ಜಾರುತ್ತದೆ. ಕೊತ್ತಂಬರಿ, ಪಾಲಕ್ ಬೀಜಗಳು ಮೊಳೆತರೂ ಸಸಿಗಳು ವಿರಳವಾಗುತ್ತವೆ. ಎರಡನೆಯದು ಗಿಡ ಬೇಗನೆ ತೆನೆಗೆ ಬರುವುದು. ಬಿಸಿಯೂ ದೀರ್ಘ ಹಗಲೂ ಕೂಡಿದಾಗ ಕೊತ್ತಂಬರಿ ಮತ್ತು ಲೆಟ್ಯೂಸ್ ಎಲೆ ಬಿಡುವುದನ್ನು ನಿಲ್ಲಿಸಿ ಹೂಕಾಂಡವನ್ನು ಮೇಲಕ್ಕೆತ್ತುತ್ತವೆ. ಲೆಟ್ಯೂಸ್ ಎಲೆ ಕಹಿಯಾಗುತ್ತದೆ. ಮೂರನೆಯದು ಆಹಾರದ ಕೊರತೆ. ಉಷ್ಣಾಂಶ ಏರಿದಂತೆ ಗಿಡದ ಉಸಿರಾಟ ಹೆಚ್ಚುತ್ತದೆ. ಹಗಲಿನಲ್ಲಿ ಎಲೆ ತಯಾರಿಸಿದ ಆಹಾರದ ಬಹುಭಾಗ ಬೆಚ್ಚನೆಯ ರಾತ್ರಿಯಲ್ಲಿ ಖರ್ಚಾಗಿಬಿಡುತ್ತದೆ. ನಾಲ್ಕನೆಯದು ನೀರಿನ ಕೊರತೆ. ಬೇರು ಹೀರುವ ನೀರಿಗಿಂತ ಎಲೆ ಕಳೆದುಕೊಳ್ಳುವ ನೀರು ಹೆಚ್ಚಾದಾಗ ಎಲೆಯ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಬೆಳವಣಿಗೆ ನಿಲ್ಲುತ್ತದೆ, ಎಲೆಯ ಅಂಚು ಸುಡುತ್ತದೆ.

ಬೆಳಕು ಗಿಡಕ್ಕೆ ಅಗತ್ಯವೇ. ಆದರೆ ಅದಕ್ಕೊಂದು ಮಿತಿಯಿದೆ. ಬೇಸಿಗೆಯ ನಡುಹಗಲಿನ ಬೆಳಕು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಲೆಟ್ಯೂಸ್‌ನಂಥ ಸೊಪ್ಪಿನ ಎಲೆಯೊಂದು ಇದರ ಮೂರನೆಯ ಒಂದು ಭಾಗದಷ್ಟನ್ನು ಮಾತ್ರ ಉಪಯೋಗಿಸಿಕೊಳ್ಳಬಲ್ಲದು. ಉಳಿದ ಬೆಳಕು ಎಲೆಯನ್ನು ಕಾಯಿಸುವುದಕ್ಕಷ್ಟೇ ಕಾರಣವಾಗುತ್ತದೆ. ಉಪಯೋಗಕ್ಕೆ ಬಾರದ ಈ ಹೆಚ್ಚುವರಿ ಬೆಳಕನ್ನು ತಡೆಯುವುದೇ ನೆರಳು ಬೇಸಾಯದ ಮೂಲ ತತ್ತ್ವ.

ನೆರಳಿನ ಸಾಮರ್ಥ್ಯ ಮತ್ತು ಮಿತಿ

ನೆರಳು ಪರದೆ ಕಟ್ಟಿದೊಡನೆ ಒಳಗಿನ ಗಾಳಿ ಚಳಿಗಾಲದಂತೆ ತಂಪಾಗುತ್ತದೆಂಬ ಭಾವನೆ ಹಲವರಲ್ಲಿದೆ. ಇದು ಸರಿಯಲ್ಲ. ಗಾಳಿಯಾಡುವ ಚಪ್ಪರದ ಕೆಳಗೆ ಗಾಳಿಯ ಉಷ್ಣಾಂಶ ಸಾಮಾನ್ಯವಾಗಿ ಕೆಲವೇ ಡಿಗ್ರಿ ಇಳಿಯುತ್ತದೆ. ನಾಲ್ಕು ಬದಿಗಳನ್ನೂ ಮುಚ್ಚಿ ಗಾಳಿಗೆ ಅವಕಾಶವಿಲ್ಲದಂತೆ ಮಾಡಿದರೆ ಒಳಗೆ ಹೊರಗಿಗಿಂತಲೂ ಹೆಚ್ಚು ಸೆಕೆಯಾಗಬಹುದು. ರಾತ್ರಿಯ ಉಷ್ಣಾಂಶವನ್ನಂತೂ ಪರದೆ ಇಳಿಸುವುದಿಲ್ಲ.

ನೆರಳಿನ ನಿಜವಾದ ಪ್ರಯೋಜನ ಬೇರೆಯೆಡೆ ಇದೆ. ಮೇ ತಿಂಗಳ ನಡುಹಗಲಿನಲ್ಲಿ ಬರಿಮಣ್ಣಿನ ಮೇಲ್ಪದರದ ಬಿಸಿ 50 ಡಿಗ್ರಿಯನ್ನು ಮೀರುವುದುಂಟು. ಎಳೆಯ ಸಸಿಯ ಕಾಂಡ ಮಣ್ಣಿಗೆ ತಾಗುವ ಜಾಗದಲ್ಲಿ ಬೆಂದು ಬಾಗುವುದಕ್ಕೆ ಇದೇ ಕಾರಣ. ನೆರಳು ಮತ್ತು ಒಣಹುಲ್ಲಿನ ಹೊದಿಕೆ ಎರಡೂ ಇದ್ದಾಗ ಈ ಬಿಸಿ ಬಹಳಷ್ಟು ತಗ್ಗುತ್ತದೆ. ಎಲೆಯ ಬಿಸಿಯೂ ಇಳಿದು, ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ಒಟ್ಟಿನಲ್ಲಿ ನೆರಳು ಕಾಪಾಡುವುದು ಮಣ್ಣು, ಬೇರು ಮತ್ತು ಎಲೆಗಳನ್ನು; ಅದು ಋತುವನ್ನು ಬದಲಾಯಿಸಲಾರದು.

ಬೆಳೆಯ ಆಯ್ಕೆ

ಮೇಲಿನ ಮಾತನ್ನು ನೆನಪಿನಲ್ಲಿಟ್ಟರೆ ಬೆಳೆಯ ಆಯ್ಕೆ ಸುಲಭವಾಗುತ್ತದೆ. ಎಲೆಗಾಗಿ ಬೆಳೆಯುವ, ಒಂದೂವರೆ ತಿಂಗಳೊಳಗೆ ಕೊಯ್ಲಿಗೆ ಬರುವ ಬೆಳೆಗಳು ನೆರಳಿನಲ್ಲಿ ಫಲ ಕೊಡುತ್ತವೆ. ಗಡ್ಡೆ, ಹೂ ಅಥವಾ ಕಾಯಿಗಾಗಿ ದೀರ್ಘಕಾಲ ಬೆಳೆಯುವ ಬೆಳೆಗಳು ಕೊಡುವುದಿಲ್ಲ.

ಕೊತ್ತಂಬರಿ, ಮೆಂತ್ಯ, ಪಾಲಕ್, ಪುದೀನ ಈ ನಾಲ್ಕು ಹೈದರಾಬಾದಿನ ಬೇಸಿಗೆಗೆ ಯೋಗ್ಯ. ಇವುಗಳಿಗೆ ಬೇಡಿಕೆಯೂ ಸದಾ ಇದೆ. 2018ರಿಂದ 2022ರವರೆಗೆ ರಂಜಾನ್ ಮಾಸವು ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿಯೇ ಬಂದಿತ್ತು; ಹಲೀಮ್ ಮತ್ತು ಬಿರಿಯಾನಿಗಳಿಗೆ ಕೊತ್ತಂಬರಿ, ಪುದೀನಗಳು ಬೇಕೇಬೇಕಾದ ನಗರದಲ್ಲಿ ಕಡುಬೇಸಿಗೆಯ ಸೊಪ್ಪಿಗೆ ಇರುವ ಮಹತ್ತ್ವ ಇದರಿಂದ ತಿಳಿಯುತ್ತದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬಿಡುಗಡೆ ಮಾಡಿರುವ ಅರ್ಕಾ ಇಶಾ ಕೊತ್ತಂಬರಿ ಮತ್ತು ಅರ್ಕಾ ಅನುಪಮ ಪಾಲಕ್ ತಳಿಗಳನ್ನು ಹಲವು ಬಾರಿ ಕೊಯ್ಯಬಹುದು.

ಮೂಲಂಗಿಯಲ್ಲಿ ತಳಿಯೇ ಮುಖ್ಯ. ನವದೆಹಲಿಯ ಭಾರತೀಯ ಕೃಷಿ ಅನುಸಂಧಾನ ಸಂಸ್ಥೆಯ ಪೂಸಾ ಚೇತ್ಕಿ ತಳಿಯು ಬಿಸಿಯನ್ನು ಸಹಿಸಿ ಗಡ್ಡೆ ಕಟ್ಟುತ್ತದೆ. 40ರಿಂದ 45 ದಿನಗಳಲ್ಲಿ ಕೀಳಬಹುದು. ಆದರೆ ಗಡ್ಡೆ ತುಂಬಲು ಹೆಚ್ಚು ಬೆಳಕು ಬೇಕಾದ್ದರಿಂದ ಇದಕ್ಕೆ ತೆಳು ನೆರಳು ಸಾಕು. ಲೆಟ್ಯೂಸ್ ಬೆಳೆಯುವವರು ತಲೆ ಕಟ್ಟುವ ಬಗೆಯನ್ನು ಬಿಟ್ಟು, ಬಿಡಿ ಎಲೆಯ ಬಗೆಯನ್ನು ಆರಿಸಿಕೊಂಡು ಎಳೆಯದಾಗಿರುವಾಗಲೇ ಕೊಯ್ಯಬೇಕು.

ಹೂಕೋಸು, ಬಟಾಣಿ, ಗಜ್ಜರಿಗಳನ್ನು ಬೇಸಿಗೆಯಲ್ಲಿ ನೆರಳಿನ ಭರವಸೆಯಿಂದ ಬೆಳೆಯಬಾರದು. ಹೂಕೋಸಿನ ಗಡ್ಡೆ ಕಟ್ಟಲು ತಂಪು ಹವೆಯೇ ಬೇಕು. ಅತಿ ಬೇಗ ಬರುವ ಭಾರತೀಯ ತಳಿಗಳೂ ಸುಮಾರು 20ರಿಂದ 27 ಡಿಗ್ರಿಯ ಹವೆಯನ್ನು ಅಪೇಕ್ಷಿಸುತ್ತವೆ. ಬಟಾಣಿಯ ಹೂ ಬಿಸಿಗೆ ಉದುರುತ್ತದೆ. ಗಜ್ಜರಿಯ ಬಣ್ಣ, ರುಚಿ ಎರಡೂ ಕೆಡುತ್ತವೆ. ಪರದೆಗೆ ಹಣ ಹಾಕಿ ಹೂಕೋಸು ನೆಟ್ಟ ರೈತನಿಗೆ ಸಿಗುವುದು ಹೂವಿಲ್ಲದ ಎಲೆಯ ಪೊದೆ ಮಾತ್ರ.

ನೆರಳಿನ ಬಗೆಗಳು

ನೆರಳಿನಲ್ಲಿ ಬೆಳೆ ತೆಗೆಯುವ ವಿದ್ಯೆ ನಮ್ಮಲ್ಲಿ ಹೊಸತಲ್ಲ. ಅಗಸೆ ಮರಗಳ ತೆಳು ನೆರಳಿನಲ್ಲಿ ವೀಳ್ಯದೆಲೆಯ ಬಳ್ಳಿ ಹಬ್ಬಿಸುವ ಎಲೆತೋಟದ ಪದ್ಧತಿ ಕರ್ನಾಟಕದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ತೆಲಂಗಾಣದಲ್ಲಿ ಹೀರೆ, ಹಾಗಲ, ಸೋರೆ ಬಳ್ಳಿಗಳನ್ನು ಚಪ್ಪರಕ್ಕೆ ಹಬ್ಬಿಸುವ ಪದ್ಧತಿಯಿದೆ. ಬಳ್ಳಿ ಚಪ್ಪರವನ್ನು ಪೂರ್ತಿ ಮುಚ್ಚುವ ಮೊದಲು ಅದರ ಅಡಿಯಲ್ಲಿ ಒಂದು ಕೊಯ್ಲು ಕೊತ್ತಂಬರಿಯನ್ನೋ ಪಾಲಕನ್ನೋ ತೆಗೆಯಬಹುದು. ತಾಳೆ, ಈಚಲು, ತೆಂಗಿನ ಗರಿಗಳನ್ನು ವಿರಳವಾಗಿ ಹೊದಿಸಿದ ಚಪ್ಪರ ಅತಿ ಕಡಿಮೆ ಖರ್ಚಿನದು. ಆದರೆ ಗರಿ ಒತ್ತಾಗಿ ಬೀಳದಂತೆ, ಬಿಸಿಲು ಚುಕ್ಕೆ ಚುಕ್ಕೆಯಾಗಿ ಪಾತಿಯ ಮೇಲೆ ಸರಿದಾಡುವಂತೆ ಹೊದಿಸಬೇಕು. ಪಾತಿಯ ಪಶ್ಚಿಮಕ್ಕೆ ಮೆಕ್ಕೆಜೋಳದ ಎರಡು ಸಾಲು ಬಿತ್ತಿದರೆ ಮಧ್ಯಾಹ್ನದ ನಂತರದ ಬಿಸಿಲಿಗೂ ಬಿಸಿಗಾಳಿಗೂ ತಡೆಯಾಗುತ್ತದೆ.

ಈಚಿನ ದಶಕಗಳಲ್ಲಿ ಪ್ಲಾಸ್ಟಿಕ್ ನೆರಳು ಪರದೆ ವ್ಯಾಪಕವಾಗಿ ಬಳಕೆಗೆ ಬಂದಿದೆ. ಶೇಕಡಾ 35, 50, 75, 90ರಷ್ಟು ಬೆಳಕು ತಡೆಯುವ ಪರದೆಗಳು ಪೇಟೆಯಲ್ಲಿ ದೊರೆಯುತ್ತವೆ. ಸೊಪ್ಪಿಗೆ ಶೇಕಡಾ 50ರದು, ಮೂಲಂಗಿಗೆ ಶೇಕಡಾ 35ರದು ಸೂಕ್ತ. ಹೆಚ್ಚು ನೆರಳಿದ್ದಷ್ಟೂ ಒಳ್ಳೆಯದೆಂದು ಶೇಕಡಾ 75 ಅಥವಾ 90ರ ಪರದೆ ಕೊಳ್ಳುವುದು ಸಾಮಾನ್ಯವಾಗಿ ಆಗುವ ತಪ್ಪು. ಅಂಥ ಪರದೆಯ ಅಡಿಯಲ್ಲಿ ಗಿಡ ಬಾಡುವುದಿಲ್ಲ ನಿಜ. ಆದರೆ ತೆಳ್ಳಗೆ ಉದ್ದವಾಗಿ ಎಳೆದು, ಎಲೆ ಬಿಳಿಚಿಕೊಂಡು, ಕಟ್ಟು ತೂಗುವುದಿಲ್ಲ.

ಕೊಳ್ಳುವಾಗ ಅತಿನೇರಳೆ ಕಿರಣಗಳನ್ನು ತಾಳುವಂತೆ ಸಂಸ್ಕರಿಸಿದ ಪರದೆಯನ್ನೇ ಕೇಳಿ ಪಡೆಯಬೇಕು. ಸಂಸ್ಕರಿಸದ ಪರದೆ ಒಂದೆರಡು ಬೇಸಿಗೆಗಳಲ್ಲಿಯೇ ಪುಡಿಯಾಗುತ್ತದೆ.

ಚಪ್ಪರದ ನಿರ್ಮಾಣ

ಒಂದು ಗುಂಟೆ, ಅಂದರೆ ಸುಮಾರು 100 ಚದರ ಮೀಟರ್ ಜಾಗದಿಂದ ಆರಂಭಿಸುವುದು ಸಣ್ಣ ರೈತನಿಗೆ ಕ್ಷೇಮ. ಅಂಚಿನ ಮಡಿಕೆ ಸೇರಿ ಇದಕ್ಕೆ 110ರಿಂದ 120 ಚದರ ಮೀಟರ್ ಪರದೆ ಬೇಕಾಗುತ್ತದೆ. ಬಿದಿರು, ಸರ್ವೆ ಅಥವಾ ಕಲ್ಲಿನ ಕಂಬಗಳನ್ನು ಭದ್ರವಾಗಿ ನೆಟ್ಟು, ತಲೆಯ ಮೇಲೆ ಕನಿಷ್ಠ ಎರಡೂವರೆ ಮೀಟರ್ ಎತ್ತರದಲ್ಲಿ ತಂತಿ ಎಳೆದು, ಪರದೆಯನ್ನು ಅದರ ಮೇಲೆ ಹರಡಬೇಕು. ಎತ್ತರ ಕಡಿಮೆಯಾದರೆ ಬಿಸಿಗಾಳಿ ಗಿಡದ ಮೇಲೆಯೇ ನಿಲ್ಲುತ್ತದೆ. ಪಶ್ಚಿಮದ ಬದಿಯಲ್ಲಿ ಮಾತ್ರ ಪರದೆಯನ್ನು ತುಸು ಕೆಳಗಿಳಿಸಿ, ಉಳಿದ ಬದಿಗಳನ್ನು ಗಾಳಿಗೆ ತೆರೆದಿಡಬೇಕು.

ಪರದೆಯನ್ನು ಖಾಯಂ ಆಗಿ ಬಿಗಿಯದೆ, ಉಂಗುರಗಳ ನೆರವಿನಿಂದ ಸರಿಸಲು ಬರುವಂತೆ ಕಟ್ಟುವುದು ಉತ್ತಮ. ಇದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ನಡುಹಗಲಿನ 1 ಲಕ್ಷ ಲಕ್ಸ್ ಬೆಳಕಿನಲ್ಲಿ ಅರ್ಧವನ್ನು ತಡೆದರೂ ಗಿಡಕ್ಕೆ 50 ಸಾವಿರ ಲಕ್ಸ್ ಉಳಿಯುತ್ತದೆ. ಆದರೆ ಬೆಳಗಿನ 20 ಸಾವಿರ ಲಕ್ಸ್‌ನಲ್ಲಿ ಅರ್ಧ ತಡೆದರೆ ಗಿಡ ಹಸಿಯುತ್ತದೆ. ಆದ್ದರಿಂದ ಬೆಳಿಗ್ಗೆ 9 ಗಂಟೆಯವರೆಗೂ ಸಂಜೆ 5ರ ನಂತರವೂ ಮೋಡದ ದಿನಗಳಲ್ಲಿಯೂ ಪರದೆ ಸರಿಸಿದರೆ ಇಳುವರಿ ಹೆಚ್ಚುತ್ತದೆ. ಎರಡನೆಯದಾಗಿ, ಏಪ್ರಿಲ್, ಮೇ ತಿಂಗಳುಗಳಲ್ಲಿ ಹೈದರಾಬಾದಿನ ಸುತ್ತಮುತ್ತ ಸಂಜೆಯ ಹೊತ್ತು ಗುಡುಗು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲು ಸಹಿತ ಮಳೆ ಬರುವುದುಂಟು. ಬಿಚ್ಚಲು ಬಾರದ ಪರದೆ ಗಾಳಿ ತುಂಬಿ ಕಂಬಗಳನ್ನೇ ಕಿತ್ತೊಯ್ಯುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆ ಕೇಳಿದ ದಿನ ಪರದೆಯನ್ನು ಸುತ್ತಿ ಕಟ್ಟಿಡಬೇಕು.

ಬಿತ್ತನೆ ಮತ್ತು ಪೋಷಣೆ

ಹೈದರಾಬಾದಿನ ಸುತ್ತಲಿನ ಕೆಂಪು ಮರಳು ಮಣ್ಣು ಬೇಗ ಕಾಯುತ್ತದೆ, ಬೇಗ ಒಣಗುತ್ತದೆ. ಪ್ರತಿ ಚದರ ಮೀಟರಿಗೆ ಎರಡರಿಂದ ಮೂರು ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಬೆರೆಸಿದರೆ ಮಣ್ಣಿನ ನೀರು ಹಿಡಿಯುವ ಶಕ್ತಿ ಹೆಚ್ಚುತ್ತದೆ. ಬೇಸಿಗೆಯಲ್ಲಿ ಏರುಮಡಿಗಿಂತ ಸಮತಟ್ಟಾದ ಅಥವಾ ತುಸು ತಗ್ಗಾದ ಪಾತಿಯೇ ಒಳ್ಳೆಯದು. ಏರುಮಡಿಯ ಅಂಚುಗಳು ಬೇಗ ಒಣಗುತ್ತವೆ.

ಕೊತ್ತಂಬರಿ ಕಾಳನ್ನು ಮೆಲ್ಲಗೆ ಉಜ್ಜಿ ಎರಡು ಹೋಳಾಗಿಸಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಆರಿಸಿ ಬಿತ್ತಬೇಕು. ಒಂದು ಚದರ ಮೀಟರಿಗೆ 4ರಿಂದ 5 ಗ್ರಾಂ ಬೀಜ ಸಾಕು. ಲೆಟ್ಯೂಸ್ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ದಿನ ಶೀತಕ ಪೆಟ್ಟಿಗೆಯ ಕೆಳ ಅಂಕಣದಲ್ಲಿರಿಸಿ ಆಮೇಲೆ ಬಿತ್ತಿದರೆ ಮೊಳಕೆ ಸುಧಾರಿಸುತ್ತದೆ. ಯಾವ ಬೀಜವನ್ನೇ ಆಗಲಿ ಸಂಜೆಯ ವೇಳೆ ಬಿತ್ತಬೇಕು. ಬಿತ್ತಿದ ಮೇಲೆ ತೆಳುವಾಗಿ ಒಣಹುಲ್ಲು ಹೊದಿಸಿ, ಮೊಳಕೆ ಕಂಡೊಡನೆ ಹುಲ್ಲನ್ನು ಸಾಲುಗಳ ನಡುವೆ ಸರಿಸಬೇಕು.

ಇಡೀ ಜಾಗವನ್ನು ಒಂದೇ ದಿನ ಬಿತ್ತುವುದು ವಿವೇಕವಲ್ಲ. ಫೆಬ್ರುವರಿ ಕೊನೆಯಲ್ಲಿ ಚಪ್ಪರ ಸಿದ್ಧಪಡಿಸಿಕೊಂಡು, ಹತ್ತು ಹನ್ನೆರಡು ದಿನಗಳಿಗೊಂದು ಪಾತಿಯಂತೆ ಮೇ ಮಧ್ಯದವರೆಗೆ ಬಿತ್ತುತ್ತ ಹೋದರೆ ಸೊಪ್ಪು ನಿರಂತರವಾಗಿ ದೊರೆಯುತ್ತದೆ. ಒಂದು ಪಾತಿ ಕೆಟ್ಟರೂ ಎಲ್ಲವೂ ಕೆಡುವುದಿಲ್ಲ. ಮೆಂತ್ಯ 25ರಿಂದ 30 ದಿನಗಳಲ್ಲಿ, ಪಾಲಕ್‌ನ ಮೊದಲ ಕೊಯ್ಲು ಸುಮಾರು 30 ದಿನಗಳಲ್ಲಿ, ಕೊತ್ತಂಬರಿ 35ರಿಂದ 45 ದಿನಗಳಲ್ಲಿ ಸಿದ್ಧವಾಗುತ್ತವೆ. ಹೂಕಾಂಡದ ಸುಳಿವು ಕಂಡ ದಿನವೇ ಕೊತ್ತಂಬರಿಯನ್ನು ಕಿತ್ತುಬಿಡಬೇಕು. ಮುಂಗಾರು ಆರಂಭವಾದೊಡನೆ ಪರದೆಯನ್ನು ಇಳಿಸಿ, ತೊಳೆದು, ಒಣಗಿಸಿ, ಇಲಿಗಳಿಗೆ ಸಿಗದಂತೆ ಎತ್ತಿಡಬೇಕು.

ಮೇ ತಿಂಗಳಲ್ಲಿ ಹೈದರಾಬಾದಿನ ತೆರೆದ ಜಾಗದಲ್ಲಿ ತೊಟ್ಟಿಯ ನೀರು ದಿನಕ್ಕೆ ಸುಮಾರು 10 ಮಿಲಿಮೀಟರಿನಷ್ಟು ಆವಿಯಾಗುತ್ತದೆ. ಒಂದು ಚದರ ಮೀಟರಿಗೆ ಇದು 10 ಲೀಟರ್ ನೀರಾಯಿತು. ನೆರಳು ಮತ್ತು ಹೊದಿಕೆ ಎರಡನ್ನೂ ಬಳಸಿದರೆ ಈ ವ್ಯಯದಲ್ಲಿ ಮೂರನೆಯ ಒಂದು ಭಾಗದಷ್ಟನ್ನಾದರೂ ಉಳಿಸಬಹುದು. ದಿನಕ್ಕೊಮ್ಮೆ ಹೆಚ್ಚು ನೀರು ಹಾಯಿಸುವ ಬದಲು ಬೆಳಿಗ್ಗೆ ಮತ್ತು ಸಂಜೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಹನಿ ನೀರಾವರಿಯ ಕೊಳವೆಗಳಲ್ಲಿ ಬಿಸಿಲಿಗೆ ಕಾದು ನಿಂತ ನೀರನ್ನು ನಡುಹಗಲಿನಲ್ಲಿ ಗಿಡದ ಬುಡಕ್ಕೆ ಬಿಡಬಾರದು.

ನೀರಿನ ಗುಣವೂ ಮುಖ್ಯ. ಹೈದರಾಬಾದಿನ ಕೆಳಭಾಗದಲ್ಲಿ ಮೂಸಿ ನದಿಯ ದಂಡೆಯಲ್ಲಿ ನಗರದ ಕೊಳಚೆ ಬೆರೆತ ನೀರಿನಿಂದ ಮೇವಿನ ಹುಲ್ಲು ಮತ್ತು ಸೊಪ್ಪು ಬೆಳೆಯುವ ರೂಢಿ ಬೆಳೆದುಬಂದಿದೆ. ಸೊಪ್ಪನ್ನು ಹಲವೊಮ್ಮೆ ಹಸಿಯಾಗಿಯೇ ತಿನ್ನುವುದರಿಂದ ಅದಕ್ಕೆ ಶುದ್ಧ ನೀರನ್ನೇ ಬಳಸಬೇಕು. ಮಾರುಕಟ್ಟೆಯಿಂದ ತಂದ ಸೊಪ್ಪನ್ನು ಹಲವು ಸಲ ತೊಳೆಯುವುದು ಅವಶ್ಯ.

ನೆರಳಿನ ತೇವದಲ್ಲಿ ಸಸಿ ಬುಡ ಕೊಳೆಯುವ ರೋಗ ಬರುವ ಸಂಭವವಿದೆ. ಒಂದು ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮ ಬೆರೆಸಿ ಬಿತ್ತುವುದು, ಒತ್ತಾಗಿ ಬಿತ್ತದಿರುವುದು, ನೀರು ನಿಲ್ಲದಂತೆ ನೋಡುವುದು ಇದಕ್ಕೆ ಮುನ್ನೆಚ್ಚರಿಕೆ. ಹೇನು, ನುಸಿಗಳಿಗೆ ಶೇಕಡಾ 5ರ ಬೇವಿನ ಬೀಜದ ಕಷಾಯ ಸಿಂಪಡಿಸಬಹುದು. ಬೇಗ ಕೊಯ್ಯುವ ಸೊಪ್ಪಿಗೆ ವಿಷಕಾರಿ ಕೀಟನಾಶಕ ಬಳಸಬಾರದು. ಯೂರಿಯಾವನ್ನೂ ಮಿತಿಯಲ್ಲಿಡಬೇಕು, ನೆರಳಿನಲ್ಲಿ ಬೆಳೆದ ಎಲೆಗಳಲ್ಲಿ ನೈಟ್ರೇಟ್ ಸಂಗ್ರಹವಾಗುವ ಪ್ರವೃತ್ತಿ ಹೆಚ್ಚು.

ಮನೆಯ ಮಹಡಿಯಲ್ಲಿ

ಹೊಲವಿಲ್ಲದ ನಗರವಾಸಿಗಳೂ ಮಹಡಿಯ ಮೇಲೆ 10 ಚದರ ಮೀಟರ್ ಜಾಗದಲ್ಲಿ ಈ ಕ್ರಮವನ್ನು ಅನುಸರಿಸಬಹುದು. ಕಾಂಕ್ರೀಟಿನ ಕಾವು ಕೆಳಗಿನಿಂದಲೂ ಬರುವುದರಿಂದ ಕುಂಡ ಅಥವಾ ತೊಟ್ಟಿಗಳನ್ನು ಇಟ್ಟಿಗೆಯ ಮೇಲಿರಿಸಿ ಅಡಿಯಲ್ಲಿ ಗಾಳಿಯಾಡಲು ಬಿಡಬೇಕು. ಕಪ್ಪು ಕುಂಡಗಳ ಹೊರಮೈಗೆ ಸುಣ್ಣ ಬಳಿಯಬಹುದು, ಇಲ್ಲವೇ ಗೋಣಿಚೀಲ ಸುತ್ತಬಹುದು. ಸಾಧಾರಣ ಲೆಕ್ಕದಲ್ಲಿ ಚದರ ಮೀಟರಿಗೆ ಒಂದು ಕಿಲೋ ಸೊಪ್ಪು ದೊರೆತರೂ 45 ದಿನಗಳಲ್ಲಿ 10 ಕಿಲೋ ಆಗುತ್ತದೆ. ಅಂದರೆ ದಿನಕ್ಕೆ 220 ಗ್ರಾಂಗೂ ಹೆಚ್ಚು. ನಾಲ್ವರ ಕುಟುಂಬಕ್ಕೆ ಬೇಕಾದ ಸೊಪ್ಪಿನಲ್ಲಿ ಇದು ಅರ್ಧಕ್ಕಿಂತ ಹೆಚ್ಚು.

ನೆರವು ಮತ್ತು ಸಲಹೆ

2005-06ರಲ್ಲಿ ಆರಂಭವಾದ ರಾಷ್ಟ್ರೀಯ ತೋಟಗಾರಿಕಾ ಮಿಷನ್ 2014-15ರಿಂದ ಸಮಗ್ರ ತೋಟಗಾರಿಕಾ ಅಭಿವೃದ್ಧಿ ಮಿಷನ್‌ನ ಅಂಗವಾಗಿದೆ. ಇದರಡಿ ನೆರಳು ಪರದೆ ಮನೆಗಳ ನಿಗದಿತ ವೆಚ್ಚದ ಶೇಕಡಾ 50ರಷ್ಟನ್ನು ಸಹಾಯಧನವಾಗಿ ನೀಡಲು ಅವಕಾಶವಿದೆ. ವೆಚ್ಚದ ದರ ಮತ್ತು ವಿಸ್ತೀರ್ಣದ ಮಿತಿ ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಪರದೆ ಕೊಳ್ಳುವ ಮೊದಲೇ ಜಿಲ್ಲಾ ತೋಟಗಾರಿಕಾ ಕಚೇರಿಯಲ್ಲಿ ವಿಚಾರಿಸಬೇಕು. ಕೃಷಿ ವಿಜ್ಞಾನ ಕೇಂದ್ರಗಳಲ್ಲಿಯೂ, ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯ ಮತ್ತು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾನಿಲಯಗಳಲ್ಲಿಯೂ ಸಲಹೆ ದೊರೆಯುತ್ತದೆ. 2004ರಲ್ಲಿ ಪ್ರಾರಂಭವಾದ ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕನ್ನಡದಲ್ಲಿಯೇ ಪ್ರಶ್ನೆ ಕೇಳಬಹುದು. ಬೆಳೆದ ಸೊಪ್ಪನ್ನು ಮಧ್ಯವರ್ತಿಗಳಿಲ್ಲದೆ ಮಾರಲು ಹೈದರಾಬಾದಿನಲ್ಲಿ 1999ರಿಂದ ರೈತು ಬಜಾರುಗಳಿವೆ.

ನೆರಳು ಬೇಸಾಯದಲ್ಲಿ ಗಿಡವೇ ಉತ್ತಮ ಶಿಕ್ಷಕ. ಎಲೆಯ ಅಂಚು ಸುಟ್ಟರೆ ನೆರಳು ಸಾಲದು. ಕಾಂಡ ಎಳೆದು ಎಲೆ ಬಿಳಿಚಿದರೆ ನೆರಳು ಹೆಚ್ಚು. ಬೆಳಿಗ್ಗೆಯೂ ಗಿಡ ಬಾಡಿ ನಿಂತಿದ್ದರೆ ನೀರು ಕಡಿಮೆ ಅಥವಾ ಬೇರಿಗೆ ರೋಗ. ಮೊದಲ ವರ್ಷ ಒಂದು ಗುಂಟೆಯಲ್ಲಿ, ಒಂದೆರಡು ಸೊಪ್ಪುಗಳಲ್ಲಿ ಈ ಗುರುತುಗಳನ್ನು ಕಲಿತುಕೊಂಡ ರೈತನು ಎರಡನೆಯ ವರ್ಷ ಧೈರ್ಯವಾಗಿ ವಿಸ್ತರಿಸಬಹುದು. ಬಿಸಿಲಿನ ದಿನಗಳು ಹೆಚ್ಚುತ್ತಿರುವ ಈ ಕಾಲದಲ್ಲಿ, ಮಿತವಾದ ನೆರಳು, ಮಿತವಾದ ನೀರು ಮತ್ತು ಸರಿಯಾದ ಬೆಳೆ ಈ ಮೂರನ್ನು ಹೊಂದಿಸಿಕೊಂಡರೆ ದಖ್ಖನ್ ನಾಡಿನ ಊಟದ ತಟ್ಟೆಯಲ್ಲಿ ಬೇಸಿಗೆಯಲ್ಲಿಯೂ ಹಸಿರು ಉಳಿಯುವುದು.